ಕೂಡಿ ಹಾಕುವ ಜಾಹೀರಾತು: ಕ್ಲಿಕ್ ಯಾರಿಗೆ, ಕಮಿಷನ್ ಯಾರಿಗೆ?

ವಾರದ ಯಾವ ದಿನವಾದರೂ ಸರಿ, ಮೊಟ್ಟೆ ತಿನ್ನಿ ಎಂದು ದೂರದರ್ಶನದಲ್ಲಿ ಬರುತ್ತಿದ್ದ ಹಿಂದಿ ಜಾಹೀರಾತು ನಲವತ್ತು ದಾಟಿದ ಬಹಳ ಮಂದಿಗೆ ನೆನಪಿರುತ್ತದೆ. ಅದರಲ್ಲಿ ಯಾವ ಕೋಳಿ ಫಾರಂನ ಹೆಸರೂ ಇರಲಿಲ್ಲ. ಅದನ್ನು ಕೊಡಿಸಿದ್ದು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ. 1982ರಲ್ಲಿ ಬಿ.ವಿ. ರಾವ್ ಮುಂದಾಳತ್ವದಲ್ಲಿ ಕೋಳಿ ಸಾಕುವ ರೈತರೇ ಕಟ್ಟಿಕೊಂಡ ಸಂಸ್ಥೆ ಅದು. ಒಬ್ಬ ರೈತನಿಂದ ಟಿವಿ ಜಾಹೀರಾತು ಕೊಡಲು ಆಗುವುದಿಲ್ಲ, ಸಾವಿರಾರು ಜನ ಕೂಡಿದರೆ ಆಗುತ್ತದೆ. ಅದನ್ನು ನೋಡಿ ಗಿರಾಕಿ ಯಾವ ಅಂಗಡಿಯಲ್ಲಿ ಯಾವ ಫಾರಂನ ಮೊಟ್ಟೆ ಕೊಂಡರೂ ದುಡ್ಡು ಹಾಕಿದವರಿಗೆ ಬೇಸರವಿಲ್ಲ. ಮೊಟ್ಟೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲವಲ್ಲ.

ಅಫಿಲಿಯೇಟ್ ವ್ಯಾಪಾರದ ಕಥೆ ಬೇರೆ. ಅಮೆಜಾನ್ 1996ರಲ್ಲಿ ಅಸೋಸಿಯೇಟ್ಸ್ ಕಾರ್ಯಕ್ರಮ ಶುರು ಮಾಡಿದಾಗಿನಿಂದ ಈ ವ್ಯಾಪಾರದ ಜೀವಾಳವೇ ಹೆಸರು. ನಿಮ್ಮ ಗುರುತಿನ ಸಂಖ್ಯೆ ಸೇರಿದ ಲಿಂಕ್ ಒತ್ತಿ ಬಂದವನು ಏನಾದರೂ ಕೊಂಡರೆ ಕಮಿಷನ್ ನಿಮಗೆ, ಪಕ್ಕದವನ ಲಿಂಕ್ ಒತ್ತಿದ್ದರೆ ಪಕ್ಕದವನಿಗೆ. ಇಂಥವರು ನಾಲ್ಕಾರು ಜನ ಕೂಡಿ ಒಂದೇ ಹುಂಡಿಗೆ ದುಡ್ಡು ಹಾಕಿ, ಅದರಿಂದ ಗೂಗಲ್‌ನಲ್ಲೋ ಫೇಸ್‌ಬುಕ್‌ನಲ್ಲೋ ಜಾಹೀರಾತು ಕೊಂಡು, ಬಂದ ಗಿರಾಕಿಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡರೆ ಅದಕ್ಕೆ ಆಡ್ ಪೂಲ್ ಎನ್ನುತ್ತಾರೆ, ಕೆಲವರು ಟ್ರಾಫಿಕ್ ಕೋ-ಆಪ್ ಎನ್ನುತ್ತಾರೆ. ಇಲ್ಲಿ ಜಾಹೀರಾತು ಎಲ್ಲರದು, ಆದರೆ ಬಂದ ಒಬ್ಬೊಬ್ಬ ಗಿರಾಕಿಯೂ ಯಾರೋ ಒಬ್ಬರ ಪಾಲಿಗೇ ಹೋಗಬೇಕು. ಪೂಲ್‌ನ ಲಾಭ, ಜಗಳ, ಮೋಸ ಮೂರೂ ಇಲ್ಲಿಂದಲೇ ಹುಟ್ಟುತ್ತವೆ.

ಪೂಲ್ ಎಂದರೇನು ಎಂದು ಕೇಳಿದರೆ ‘ಚೀಟಿ ಇದ್ದ ಹಾಗೆ’ ಎಂದು ವಿವರಿಸುವವರು ಸಿಗುತ್ತಾರೆ. ಈ ಹೋಲಿಕೆಯನ್ನು ಮೊದಲೇ ಬದಿಗಿಡಬೇಕು. ಚೀಟಿಯಲ್ಲಿ ಕಟ್ಟಿದ ದುಡ್ಡು ಯಾವುದೋ ಒಂದು ತಿಂಗಳು ಕೈಗೆ ತಿರುಗಿ ಬರುತ್ತದೆ. ಪೂಲ್‌ಗೆ ಹಾಕಿದ ದುಡ್ಡು ಖರ್ಚಾಗಿ ಹೋಗುತ್ತದೆ. ಅದರ ಬದಲಿಗೆ ಬರುವುದು ಕ್ಲಿಕ್ ಮಾತ್ರ. ಆ ಕ್ಲಿಕ್ ಮಾರಾಟವಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ಲೆಕ್ಕ ಹಾಕೋಣ. ಆರು ಜನ ತಲಾ 5,000 ರೂಪಾಯಿ ಹಾಕಿದರು, ಒಟ್ಟು 30,000. ಗೂಗಲ್ ಜಾಹೀರಾತಿನ ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರುತ್ತದೆ, ಹಾಗಾಗಿ ನಿಜವಾಗಿ ಜಾಹೀರಾತಿಗೆ ಹೋಗುವುದು ಸುಮಾರು 25,424 ರೂಪಾಯಿ. ಒಂದು ಕ್ಲಿಕ್‌ಗೆ 8 ರೂಪಾಯಿ ಬಿದ್ದರೆ 3,178 ಕ್ಲಿಕ್. ಆರರಿಂದ ಭಾಗಿಸಿದರೆ ತಲಾ ಸುಮಾರು 530. ಈಗ ಒಬ್ಬರೇ 5,000 ಹಾಕಿದ್ದರೆ ಎಷ್ಟು ಬರುತ್ತಿತ್ತು? ಅದೇ 530. ಗೂಗಲ್, ಫೇಸ್‌ಬುಕ್‌ಗಳಲ್ಲಿ ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುತ್ತದೆ, ಸಗಟು ಕೊಂಡವರಿಗೆ ರಿಯಾಯಿತಿ ಎಂಬುದು ಅಲ್ಲಿಲ್ಲ. ‘ಕೂಡಿ ಕೊಂಡರೆ ಕ್ಲಿಕ್ ಅಗ್ಗ’ ಎಂದು ಹೇಳಿ ಪೂಲ್‌ಗೆ ಕರೆಯುವವರಿಗೆ ಈ ಲೆಕ್ಕ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ.

ಹಾಗಾದರೆ ಕೂಡುವುದೇಕೆ? ಒಳ್ಳೆಯ ಕಾರಣಗಳಿವೆ. ಮೊದಲನೆಯದು ಕಲಿಕೆ. ನೂರು ಕ್ಲಿಕ್‌ಗೆ ಒಂದು ಮಾರಾಟ ಎಂಬ ಸರಾಸರಿ ಇಟ್ಟುಕೊಂಡರೆ 530 ಕ್ಲಿಕ್‌ಗೆ ಐದು ಮಾರಾಟ ಆಗಬೇಕು. ಆದರೆ ಅದೃಷ್ಟ ಕೈಕೊಟ್ಟರೆ ಎರಡೇ ಆಗಬಹುದು, ಒಲಿದರೆ ಒಂಬತ್ತೂ ಆಗಬಹುದು. ಇಷ್ಟು ಚಿಕ್ಕ ಸಂಖ್ಯೆ ನೋಡಿ ಈ ಜಾಹೀರಾತು ಒಳ್ಳೆಯದು, ಆ ಜಾಹೀರಾತು ಕೆಟ್ಟದ್ದು ಎಂದು ತೀರ್ಮಾನಿಸಿದರೆ ಗಾಳಿಯಲ್ಲಿ ಗುದ್ದಿದಂತೆ. ಮೂರು ಸಾವಿರ ಕ್ಲಿಕ್, ಮೂವತ್ತು ಮಾರಾಟ ಕಣ್ಣೆದುರು ಇದ್ದರೆ ಯಾವ ಸಾಲು, ಯಾವ ಚಿತ್ರ, ಯಾವ ಊರಿನ ಗಿರಾಕಿ ಕೆಲಸ ಮಾಡಿತು ಎಂದು ತಕ್ಕಮಟ್ಟಿಗೆ ಹೇಳಬಹುದು. ಒಬ್ಬರು ಆರು ತಿಂಗಳಲ್ಲಿ ಕಲಿಯುವುದನ್ನು ಆರು ಜನ ಒಂದು ತಿಂಗಳಲ್ಲಿ ಕಲಿಯುತ್ತಾರೆ.

ಎರಡನೆಯದು, ತಮ್ಮತಮ್ಮಲ್ಲೇ ಬೆಲೆ ಏರಿಸಿಕೊಳ್ಳುವುದು ತಪ್ಪುತ್ತದೆ. ಒಂದೇ ಸಾಮಾನನ್ನು ಒಂದೇ ಊರಿನ ಗಿರಾಕಿಗೆ ಮಾರಲು ಆರು ಜನ ಬೇರೆಬೇರೆಯಾಗಿ ಹರಾಜು ಕೂಗಿದರೆ ಬೆಲೆ ಏರುತ್ತದೆ, ಲಾಭ ಗೂಗಲ್‌ಗೆ. ಮೂರನೆಯದು, ಹಂಚಿಕೊಳ್ಳಬಹುದಾದ ಖರ್ಚು: ಜಾಹೀರಾತು ಒತ್ತಿದವರು ಬಂದಿಳಿಯುವ ಒಂದು ಚೆಂದದ ಪುಟ (ಲ್ಯಾಂಡಿಂಗ್ ಪೇಜ್), ಅದನ್ನು ಮಾಡಿಕೊಡುವವರ ಕೂಲಿ, ಹೋಸ್ಟಿಂಗ್, ಕ್ಲಿಕ್ ಎಣಿಸುವ ಸಾಫ್ಟ್‌ವೇರ್‌ನ ಚಂದಾ. ಇನ್ನೊಂದು, ಚಿಲ್ಲರೆಯಾಗಿ ಸಿಗದ ಜಾಗಗಳು. ಯೂಟ್ಯೂಬ್ ಚಾನೆಲ್ಲಿನ ಪ್ರಾಯೋಜಕತ್ವವಾಗಲಿ ಪತ್ರಿಕೆಯ ಕಾಲು ಪುಟವಾಗಲಿ ಐದು ಸಾವಿರಕ್ಕೆ ಸಿಗುವುದು ಕಷ್ಟ, ಮೂವತ್ತು ಸಾವಿರ ಇದ್ದರೆ ಮಾತಿಗೆ ಕೂರಬಹುದು.

ದುಡ್ಡು ಕೂಡಿಸುವ ಮೊದಲು ಇನ್ನೂ ಒಂದು ಲೆಕ್ಕ ಬಾಕಿಯಿದೆ, ಇದನ್ನು ಮರೆತವರೇ ಹೆಚ್ಚು ಕೈಸುಟ್ಟುಕೊಳ್ಳುವುದು. ಮೇಲಿನ ಉದಾಹರಣೆಯಲ್ಲಿ ತೆರಿಗೆ ಸೇರಿ ಕ್ಲಿಕ್ಕಿಗೆ 9 ರೂಪಾಯಿ 44 ಪೈಸೆ ಬೀಳುತ್ತದೆ. ನೂರಕ್ಕೆ ಒಂದು ಮಾರಾಟ ಎಂದರೆ ಒಂದು ಮಾರಾಟಕ್ಕೆ ಜಾಹೀರಾತಿನ ಖರ್ಚು 944 ರೂಪಾಯಿ. ಹತ್ತು ಸಾವಿರದ ಸಾಮಾನಿಗೆ ಶೇ 5 ಕಮಿಷನ್ ಎಂದರೂ ಕೈಗೆ ಬರುವುದು 500. ಪ್ರತಿ ಮಾರಾಟಕ್ಕೂ 444 ರೂಪಾಯಿ ನಷ್ಟ. ಇದನ್ನು ಆರು ಜನ ಕೂಡಿ ಮಾಡಿದರೆ ನಷ್ಟ ಆರು ಪಟ್ಟಾಗುತ್ತದೆಯೇ ಹೊರತು ಲಾಭಕ್ಕೆ ತಿರುಗುವುದಿಲ್ಲ. ದುಡ್ಡು ಕೊಟ್ಟು ಕ್ಲಿಕ್ ಕೊಳ್ಳುವ ಪೂಲ್‌ಗೆ ಹೊಂದುವುದು ಕಮಿಷನ್ ದೊಡ್ಡದಿರುವ ಸರಕು: ವೆಬ್ ಹೋಸ್ಟಿಂಗ್, ಸಾಫ್ಟ್‌ವೇರ್ ಚಂದಾ, ಇಂಥವು. ಮಿಕ್ಸಿ, ಮೊಬೈಲ್ ಕವರ್‌ಗಳಿಗೆ ಪೂಲ್ ಕಟ್ಟಬೇಕಿಲ್ಲ.

ಇನ್ನು ಹಂಚಿಕೆ. ಬಂದ ಕ್ಲಿಕ್‌ಗಳನ್ನು ಸದಸ್ಯರ ಲಿಂಕ್‌ಗಳಿಗೆ ಸರದಿಯಂತೆ ಕಳಿಸುವ ಪುಟ್ಟ ಸಾಫ್ಟ್‌ವೇರ್‌ಗೆ ರೊಟೇಟರ್ ಎನ್ನುತ್ತಾರೆ. ಕಾಲುವೆ ನೀರಿನ ಪಾಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗೂ ಪಾಳಿ ಇದೆ, ಆದರೆ ಯಾರ ಪಾಳಿ ಹಗಲಿಗೆ, ಯಾರದು ನಡುರಾತ್ರಿಗೆ ಎಂಬುದರಲ್ಲಿ ಜಗಳ. ‘ಮೊದಲ ವಾರ ನಿಮ್ಮದು, ಕೊನೆಯ ವಾರ ನನ್ನದು’ ಎಂದು ವಾರದ ಲೆಕ್ಕದಲ್ಲಿ ಹಂಚಿಕೊಂಡರೆ ಸಂಬಳ ಆದ ವಾರದ ಗಿರಾಕಿ ಒಬ್ಬರಿಗೆ, ಜೇಬು ಖಾಲಿಯಾದ ವಾರದ ಗಿರಾಕಿ ಇನ್ನೊಬ್ಬರಿಗೆ ಹೋಗುತ್ತಾನೆ. ಆದ್ದರಿಂದ ಪಾಳಿ ಕ್ಲಿಕ್ ಕ್ಲಿಕ್ಕಿಗೂ ಬದಲಾಗಬೇಕು. ಹತ್ತು ಸಾವಿರ ಹಾಕಿದವರಿಗೆ ಎರಡು, ಐದು ಸಾವಿರ ಹಾಕಿದವರಿಗೆ ಒಂದು ಎಂದು ತೂಕವನ್ನೂ ಅದರಲ್ಲೇ ಕೂರಿಸಬಹುದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಗಿರಾಕಿ ಒಂದೇ ಭೇಟಿಗೆ ಕೊಳ್ಳುವುದು ಅಪರೂಪ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಪುಟ ತೆರೆದವನು ರಾತ್ರಿ ಮನೆಯಲ್ಲಿ ಹೆಂಡತಿಯ ಜೊತೆ ಮಾತಾಡಿ ಮತ್ತೆ ತೆರೆಯುತ್ತಾನೆ. ಬೆಳಿಗ್ಗೆ ಅವನನ್ನು ಒಬ್ಬ ಸದಸ್ಯರ ಲಿಂಕ್‌ಗೆ ಕಳಿಸಿದ ರೊಟೇಟರ್ ರಾತ್ರಿ ಇನ್ನೊಬ್ಬರ ಲಿಂಕ್‌ಗೆ ಕಳಿಸಿದರೆ ಕಮಿಷನ್ ಸಾಮಾನ್ಯವಾಗಿ ಕೊನೆಯ ಕ್ಲಿಕ್‌ನವರ ಪಾಲಾಗುತ್ತದೆ. ಅಮೆಜಾನ್‌ನಲ್ಲಿ ಲಿಂಕ್‌ನ ಆಯುಷ್ಯವೇ 24 ಗಂಟೆ. ಹಾಗಾಗಿ ಒಮ್ಮೆ ಬಂದ ಗಿರಾಕಿಯನ್ನು ನೆನಪಿಟ್ಟುಕೊಂಡು, ಮತ್ತೆ ಬಂದಾಗಲೂ ಮೊದಲಿನ ಸದಸ್ಯರಿಗೇ ಕಳಿಸುವ ರೊಟೇಟರ್ ಬೇಕು. ಪೂಲ್‌ಗೆ ಸೇರುವವರು ಕೇಳಬೇಕಾದ ಮೊದಲ ತಾಂತ್ರಿಕ ಪ್ರಶ್ನೆ ಇದು. ನಡೆಸುವವರು ಉತ್ತರಕ್ಕೆ ತಡವರಿಸಿದರೆ ಅವರು ಈ ಕೆಲಸವನ್ನು ಪೂರ್ತಿ ಯೋಚಿಸಿಲ್ಲ ಎಂದೇ ಅರ್ಥ.

ಪಾಳಿ ಎಷ್ಟೇ ನ್ಯಾಯವಾಗಿದ್ದರೂ ಮಾರಾಟ ಸಮನಾಗಿ ಬೀಳುವುದಿಲ್ಲ. ತಲಾ 530 ಕ್ಲಿಕ್ ಸಿಕ್ಕ ಆರು ಜನರಲ್ಲಿ ಒಬ್ಬರಿಗಾದರೂ ಎರಡು ಅಥವಾ ಅದಕ್ಕಿಂತ ಕಡಿಮೆ ಮಾರಾಟ ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಯಾರೂ ಮೋಸ ಮಾಡದಿದ್ದರೂ ಹೀಗಾಗುತ್ತದೆ. ಆದರೆ ಎರಡೇ ಮಾರಾಟ ಸಿಕ್ಕವರಿಗೆ, ಪಕ್ಕದವರಿಗೆ ಒಂಬತ್ತು ಬಿದ್ದಿರುವಾಗ, ಇದನ್ನು ನಂಬುವುದು ಕಷ್ಟ. ಸ್ನೇಹಿತರ ಪೂಲ್‌ಗಳು ಒಡೆಯುವುದು ಬಹುಮಟ್ಟಿಗೆ ಇಲ್ಲೇ.

ಇದಕ್ಕೊಂದು ದಾರಿ, ಕ್ಲಿಕ್ ಹಂಚುವುದನ್ನು ಬಿಟ್ಟು ಕಮಿಷನ್ನನ್ನೇ ಹಂಚಿಕೊಳ್ಳುವುದು. ಒಂದೇ ಅಫಿಲಿಯೇಟ್ ಖಾತೆ, ಬಂದ ಕಮಿಷನ್ ಪಾಲಿನ ಪ್ರಕಾರ ಎಲ್ಲರಿಗೂ. ಕೇಳಲು ಸರಳ, ಆದರೆ ಕಾಗದಪತ್ರದ ಕೆಲಸ ಹೆಚ್ಚು. ಖಾತೆ ಯಾರ ಪ್ಯಾನ್‌ನಲ್ಲಿದೆಯೋ ಆದಾಯವೆಲ್ಲ ಅವರ ಲೆಕ್ಕಕ್ಕೇ ಬೀಳುತ್ತದೆ, ಟಿಡಿಎಸ್ ಕೂಡ ಅವರ ಹೆಸರಿನಲ್ಲೇ ಹಿಡಿಯುತ್ತಾರೆ. ಲಾಭ ಹಂಚಿಕೊಳ್ಳಲು ಒಪ್ಪಿ ಕೂಡಿ ವ್ಯಾಪಾರ ಮಾಡಿದರೆ, ಪತ್ರ ಬರೆಯದಿದ್ದರೂ ಅದು 1932ರ ಪಾಲುದಾರಿಕೆ ಕಾಯ್ದೆಯ ಕಣ್ಣಿಗೆ ಪಾಲುದಾರಿಕೆಯಾಗಿ ಕಾಣಬಹುದು. ಆಗ ಆ ವ್ಯಾಪಾರಕ್ಕಾಗಿ ಒಬ್ಬರು ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಈ ದಾರಿ ಹಿಡಿಯುವವರು ಪಾಲುದಾರಿಕೆ ಪತ್ರ ಬರೆಸಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಅಫಿಲಿಯೇಟ್ ಖಾತೆ ಮೂರನ್ನೂ ತೆರೆಯುವುದೇ ಸರಿ. ಚಿಕ್ಕ ಪೂಲ್‌ಗೆ ಇದು ಭಾರ. ವರ್ಷಗಟ್ಟಲೆ ಜೊತೆಗೆ ನಡೆಯುವ ಇರಾದೆ ಇದ್ದವರಿಗೆ ಇದೇ ಭದ್ರ.

ಜಿಎಸ್‌ಟಿಯಲ್ಲೂ ಹೀಗೊಂದು ಗಂಟು ಇದೆ. ಜಾಹೀರಾತಿನ ಬಿಲ್ ಒಬ್ಬರ ಹೆಸರಿಗೆ ಬರುತ್ತದೆ. ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಉಳಿದ ಐವರು ಅದೇ ಬಿಲ್ ತೋರಿಸಿ ಪಡೆಯಲಾಗದು. 30,000ದ ಬಿಲ್ಲಿನಲ್ಲಿ ತೆರಿಗೆ 4,576 ರೂಪಾಯಿ, ಅಂದರೆ ಹತ್ತಿರ ಹತ್ತಿರ ಒಬ್ಬ ಸದಸ್ಯರ ಪಾಲು. ಅದು ಯಾರಿಗೆ ಸೇರಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

ವೇದಿಕೆಗಳ ನಿಯಮ ಓದದೆ ಪೂಲ್ ಕಟ್ಟಿದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹುಡುಕಾಟದ ಜಾಹೀರಾತಿನಿಂದ ಗಿರಾಕಿಯನ್ನು ನಿಮ್ಮ ಅಫಿಲಿಯೇಟ್ ಲಿಂಕ್ ಮೂಲಕ ನೇರವಾಗಿ ಅಮೆಜಾನ್‌ಗೆ ಕಳಿಸುವುದನ್ನು ಅಮೆಜಾನ್ ಒಪ್ಪುವುದಿಲ್ಲ. ಅದರ ಹೆಸರನ್ನೇ ಕೀವರ್ಡ್ ಆಗಿ ಕೊಳ್ಳುವುದಕ್ಕೂ ಅವಕಾಶವಿಲ್ಲ. ಸ್ವಂತ ಲಿಂಕ್‌ನಿಂದ ತಾವೇ ಕೊಂಡು ಕಮಿಷನ್ ಎಣಿಸುವುದೂ ನಿಷಿದ್ಧ. ಹಾಗಾಗಿ ಜಾಹೀರಾತು ಒತ್ತಿದವರು ಬಂದು ಸೇರುವ ಪುಟ ಪೂಲ್‌ನದೇ ಆಗಿರಬೇಕು, ಅಲ್ಲಿ ಓದಲು ನಿಜವಾದ ಮಾಹಿತಿ ಇರಬೇಕು: ಬೆಲೆ ಎಷ್ಟು, ಯಾರಿಗೆ ಉಪಯೋಗ, ಯಾರಿಗೆ ಬೇಡ. ‘ಈ ಪುಟದ ಲಿಂಕ್‌ನಿಂದ ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ’ ಎಂಬ ಸಾಲು ಪುಟದ ಮೇಲ್ಭಾಗದಲ್ಲೇ, ಕನ್ನಡದ ಪುಟವಾದರೆ ಕನ್ನಡದಲ್ಲೇ ಇರಲಿ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಆಸ್ಕಿ 2021ರಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ತಿರುಳೂ ಇದೇ: ದುಡ್ಡಿನ ನಂಟನ್ನು ಮುಚ್ಚಿಡಬಾರದು.

ಈಗ ಮೋಸದ ವಿಷಯ. ‘ಜಾಹೀರಾತು ಪೂಲ್’ ಎಂಬ ಹೆಸರು ಹೊತ್ತು ಬಂದ ಯೋಜನೆಗಳಲ್ಲಿ ಮುಳುಗಿದವರ ಸಂಖ್ಯೆ ಲಕ್ಷಗಳಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಅಮೆರಿಕದ ಫ್ಲಾರಿಡಾದಲ್ಲಿ ಆಡ್‌ಸರ್ಫ್ ಡೈಲಿ ಎಂಬ ಕಂಪನಿ ಇತ್ತು. ದುಡ್ಡು ಕೊಟ್ಟು ಜಾಹೀರಾತು ಪ್ಯಾಕೇಜ್ ಕೊಳ್ಳಿ, ದಿನಾ ಇತರ ಸದಸ್ಯರ ವೆಬ್‌ಸೈಟ್‌ಗಳನ್ನು ಕೆಲವು ಸೆಕೆಂಡ್ ನೋಡಿ, ಕೊಟ್ಟಿದ್ದಕ್ಕಿಂತ ಹೆಚ್ಚು ವಾಪಸ್ ಪಡೆಯಿರಿ ಎಂಬುದು ಅದರ ಮಾತು. 2008ರ ಆಗಸ್ಟ್‌ನಲ್ಲಿ ಸರ್ಕಾರ ಅದರ ಬ್ಯಾಂಕ್ ಖಾತೆಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಡೆಸುತ್ತಿದ್ದ ಆಂಡಿ ಬೌಡೋಯಿನ್ ತಪ್ಪೊಪ್ಪಿಕೊಂಡರು, 2012ರಲ್ಲಿ 78 ತಿಂಗಳ ಸೆರೆವಾಸವಾಯಿತು. ಯೂಟಾ ರಾಜ್ಯದ ಟ್ರಾಫಿಕ್ ಮನ್ಸೂನ್ ಇದೇ ಜಾಡಿನದು. 50 ಡಾಲರ್ ಕೊಟ್ಟು ಒಂದು ‘ಆಡ್‌ಪ್ಯಾಕ್’ ಕೊಂಡರೆ ನಿಮ್ಮ ವೆಬ್‌ಸೈಟಿಗೆ 1,000 ಭೇಟಿ, ಬ್ಯಾನರ್ ಮೇಲೆ 20 ಕ್ಲಿಕ್, ಅದರ ಮೇಲೆ ಆದಾಯದ ಪಾಲಾಗಿ 55 ಡಾಲರ್ ವರೆಗೆ. 2016ರ ಜುಲೈನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೋರ್ಟಿಗೆ ಹೋದಾಗ ಹೊರಬಂದ ಅಂಕಿ: 1,62,000 ಜನ, 20.7 ಕೋಟಿ ಡಾಲರ್. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅಮೆರಿಕದ ಹೊರಗಿನವರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎಸ್‌ಇಸಿ ಪರವಾಗಿಯೇ ನಿಂತಿತು.

50 ಕೊಟ್ಟು 1,000 ಭೇಟಿ ಪಡೆದರೆ ಅದು ವ್ಯಾಪಾರ. ಭೇಟಿಯೂ ಸಿಕ್ಕಿ ಮೇಲೆ 55 ವಾಪಸ್ ಬಂದರೆ ಆ ದುಡ್ಡು ಎಲ್ಲಿಂದ ಬಂತು? ಹೊರಗಿನ ಜಾಹೀರಾತುದಾರರು ಯಾರೂ ಇಲ್ಲದಿದ್ದರೆ ಅದು ನಾಳೆ ಸೇರುವವರ 50 ಡಾಲರ್‌ನಿಂದಲೇ ಬರಬೇಕು.

ನಮ್ಮಲ್ಲಿ ಇದೇ ಕಥೆ 2017ರ ಫೆಬ್ರವರಿಯಲ್ಲಿ ನೋಯ್ಡಾದಲ್ಲಿ ಬಯಲಾಯಿತು. ಸೋಷಿಯಲ್ ಟ್ರೇಡ್ ಎಂಬ ಯೋಜನೆಯಲ್ಲಿ 5,750ರಿಂದ 57,500 ರೂಪಾಯಿ ವರೆಗೆ ಕಟ್ಟಿಸಿಕೊಂಡು, ದಿನಾ ಕಳಿಸುವ ಲಿಂಕ್‌ಗಳನ್ನು ಒತ್ತಿದರೆ ಕ್ಲಿಕ್ಕಿಗೆ 5 ರೂಪಾಯಿ ಕೊಡುವುದಾಗಿ ಹೇಳಿದ್ದರು. ಸುಮಾರು ಆರೂವರೆ ಲಕ್ಷ ಜನರಿಂದ 3,700 ಕೋಟಿ ರೂಪಾಯಿ ಸಂಗ್ರಹವಾಗಿತ್ತು ಎಂದು ಉತ್ತರ ಪ್ರದೇಶದ ಪೊಲೀಸರು ಹೇಳಿದರು. ಐದು ರೂಪಾಯಿ ಕೊಟ್ಟು ಕ್ಲಿಕ್ ಮಾಡಿಸಿಕೊಳ್ಳುವ ವ್ಯಾಪಾರಿಗೆ ಅದರಿಂದ ಬರುವ ಲಾಭವೇನು ಎಂದು ಒಬ್ಬರಾದರೂ ಮನೆಯಲ್ಲಿ ಕೇಳಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು. ದುಡ್ಡಿನಾಸೆಗೆ ಒತ್ತುವ ಕ್ಲಿಕ್‌ನಿಂದ ಒಂದು ಬಟ್ಟೆ ಸೋಪೂ ಮಾರಾಟವಾಗುವುದಿಲ್ಲ.

ಕಾನೂನು ಈ ಬಗೆಯ ಯೋಜನೆಗಳಿಗೆ ಬೇಲಿ ಹಾಕಿದೆ. ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆ ನಿಷೇಧಿಸಿದೆ. ಅನಿಯಂತ್ರಿತ ಠೇವಣಿಗಳಿಗೆ 2019ರ ಕೇಂದ್ರ ಕಾಯ್ದೆ ಇದೆ, ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ. ಪ್ರಾಮಾಣಿಕವಾಗಿ ಪೂಲ್ ನಡೆಸುವವರೂ ಇದನ್ನು ತಿಳಿದಿರಬೇಕು. ‘ಹಾಕಿದ ದುಡ್ಡಿಗೆ ಇಷ್ಟು ಖಂಡಿತ’ ಎಂದು ಬಾಯಿತಪ್ಪಿ ಹೇಳಿದ ಕ್ಷಣ ಅವರ ಪೂಲ್ ಕೂಡ ಜಾಹೀರಾತಿನ ಹುಂಡಿಯಾಗಿ ಉಳಿಯದೆ ಠೇವಣಿಯಂತೆ ಕಾಣತೊಡಗುತ್ತದೆ. ಹೊಸಬರನ್ನು ಕರೆತಂದವರಿಗೆ ಬಹುಮಾನ ಇಡುವುದೂ ಅದೇ ಕೆಸರಿಗೆ ಕಾಲಿಟ್ಟ ಹಾಗೆ.

ಸೇರುವ ಮುನ್ನ ಕೇಳಿ ನೋಡಬೇಕಾದದ್ದು ಹೆಚ್ಚೇನಿಲ್ಲ. ಜಾಹೀರಾತು ಖಾತೆಯನ್ನು ನೋಡಲು ಮಾತ್ರ ಅನುಮತಿ ಕೊಡಿ ಎನ್ನಿ. ಗೂಗಲ್ ಆಡ್ಸ್‌ನಲ್ಲೂ ಫೇಸ್‌ಬುಕ್‌ನಲ್ಲೂ ಏನನ್ನೂ ಬದಲಿಸಲಾಗದಂತೆ, ನೋಡಲು ಮಾತ್ರ ಬಿಡುವ ಸೌಲಭ್ಯವಿದೆ. ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ತಿದ್ದುವುದು ಎರಡು ನಿಮಿಷದ ಕೆಲಸ. ತಿಂಗಳ ಬಿಲ್ಲಿನ ಪ್ರತಿ ಕೇಳಿ. ನಿಮ್ಮ ಪಾಲಿಗೆ ಬಂದ ಕ್ಲಿಕ್‌ಗೆ ಪ್ರತ್ಯೇಕ ಗುರುತು, ಅಂದರೆ ಸಬ್‌ ಐಡಿ, ಇರಲಿ. ರೊಟೇಟರ್ ಹೇಳುವ 530ಕ್ಕೂ ಅಫಿಲಿಯೇಟ್ ಖಾತೆ ತೋರಿಸುವ ಸಂಖ್ಯೆಗೂ ಚಿಕ್ಕ ಅಂತರ ಸಹಜ. ಯಾಂತ್ರಿಕ ಕ್ಲಿಕ್‌ಗಳನ್ನು ಕೆಲವು ಕಂಪನಿಗಳು ತೆಗೆದುಹಾಕುತ್ತವೆ, ಪುಟ ತೆರೆಯುವ ಮೊದಲೇ ವಾಪಸಾದವರೂ ಇರುತ್ತಾರೆ. ಆದರೆ 530 ಅಲ್ಲಿ 300 ಆಗಿದ್ದರೆ ಉತ್ತರ ಪಡೆಯದೆ ಎರಡನೇ ತಿಂಗಳ ದುಡ್ಡು ಕೊಡಬೇಡಿ.

ನಡೆಸುವವರಿಗೆ ಒಂದೇ ಮುಖ್ಯ ಸಲಹೆ: ಪೂಲ್ ಚಿಕ್ಕದಾಗಿರಲಿ, ಅವಧಿಗೊಂದು ಕೊನೆ ಇರಲಿ. ಐದರಿಂದ ಎಂಟು ಜನ, ನಾಲ್ಕು ವಾರ, ಆಮೇಲೆ ಲೆಕ್ಕ ಒಪ್ಪಿಸಿ ಮತ್ತೆ ಕೂಡುವುದೋ ಬಿಡುವುದೋ ಎಂದು ಎಲ್ಲರೂ ಹೇಳಬೇಕು. ಕೊನೆಯಿಲ್ಲದ ಪೂಲ್‌ನಲ್ಲಿ ಲೆಕ್ಕ ಯಾವತ್ತೂ ‘ಮುಂದಿನ ವಾರ’ಕ್ಕೆ ಹೋಗುತ್ತದೆ. ದುಡ್ಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಮನೆಖರ್ಚಿನ ಖಾತೆಯಲ್ಲಿ ಬೆರೆಸಬೇಡಿ. ಪೂಲ್ ನೋಡಿಕೊಳ್ಳುವವರ ಶ್ರಮಕ್ಕೆ ಕೂಲಿ ಇದ್ದರೆ ಎಷ್ಟೆಂದು ಎಲ್ಲರೆದುರು ಹೇಳಿ ತೆಗೆದುಕೊಳ್ಳಿ. ಕೂಲಿ ಪಡೆಯುವುದು ತಪ್ಪಲ್ಲ, ಕ್ಲಿಕ್‌ಗಳಲ್ಲಿ ತಮ್ಮ ಲಿಂಕ್‌ಗೆ ಒಂದಿಷ್ಟು ಹೆಚ್ಚು ಹರಿಸಿಕೊಂಡು ಅದನ್ನು ಮುಚ್ಚಿಡುವುದು ತಪ್ಪು. ಒಂದು ಗೂಗಲ್ ಶೀಟ್ ಸಾಕು: ತಾರೀಖು, ಆ ದಿನದ ಖರ್ಚು, ಬಂದ ಕ್ಲಿಕ್, ಯಾರಿಗೆ ಎಷ್ಟು. ದಿನಾ ರಾತ್ರಿ ಹತ್ತು ನಿಮಿಷದ ಕೆಲಸ.

ಪೂಲ್ ಮುಗಿದಾಗ ಉಳಿಯುವ ಆಸ್ತಿಯ ಬಗ್ಗೆಯೂ ಮೊದಲೇ ಮಾತಾಗಿರಬೇಕು. ಡೊಮೈನ್ ಯಾರ ಹೆಸರಿನಲ್ಲಿದೆ? ನಾಲ್ಕು ವಾರದ ಜಾಹೀರಾತಿನ ಫಲಿತಾಂಶ, ಯಾವ ಸಾಲು ಗೆದ್ದಿತು ಎಂಬ ಮಾಹಿತಿ, ಎಲ್ಲರ ಕೈಗೂ ಸಿಗಬೇಕು, ಏಕೆಂದರೆ ಎಲ್ಲರೂ ದುಡ್ಡು ಕೊಟ್ಟು ಕೊಂಡ ನಿಜವಾದ ಸರಕು ಅದೇ. ಗಿರಾಕಿಗಳ ಫೋನ್ ನಂಬರ್ ಮಾತ್ರ ಹಾಗಲ್ಲ. ಪುಟದಲ್ಲಿ ನಂಬರ್ ಬರೆದವರು ಒಂದು ಉದ್ದೇಶಕ್ಕೆ ಒಪ್ಪಿ ಬರೆದಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನೆಲೆಗಟ್ಟೇ ಆ ಒಪ್ಪಿಗೆ. ಪೂಲ್ ಒಡೆದಾಗ ಆ ಪಟ್ಟಿಯನ್ನು ಆರು ಜನರೂ ಒಂದೊಂದು ಪ್ರತಿ ಮಾಡಿಕೊಂಡು, ಆರು ಬೇರೆಬೇರೆ ಸರಕಿಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೆ ಗಿರಾಕಿ ಒಪ್ಪಿದ್ದು ಅದಕ್ಕಲ್ಲ. ‘ನಿಮ್ಮ ನಂಬರನ್ನು ಇಂಥವರು ಮುಂದೆಯೂ ಬಳಸಬಹುದೇ’ ಎಂದು ಒಮ್ಮೆ ಕೇಳಿ, ಹೌದು ಎಂದವರನ್ನು ಇಟ್ಟುಕೊಂಡು ಉಳಿದ ನಂಬರ್‌ಗಳನ್ನು ಎಲ್ಲರ ಫೋನಿನಿಂದಲೂ ಅಳಿಸಿ, ಅಳಿಸಿದ ತಾರೀಖನ್ನು ಅದೇ ಶೀಟಿನ ಕೊನೆಯ ಸಾಲಿನಲ್ಲಿ ಬರೆದಿಡಬೇಕು.